ಎಸ್‌ಇಲಿನಕ್ಸ್: ಕಾವಲು ಪಕ್ಕಾ, ಮಾತು ಮಾತ್ರ ಅರ್ಥ ಆಗಲ್ಲ

ಎಸ್‌ಇಲಿನಕ್ಸ್‌ಗೆ, ಅಂದರೆ ಯಾವ ಪ್ರೋಗ್ರಾಂ ಏನನ್ನು ಮುಟ್ಟಬಹುದು ಅಂತ ಕಾಯುವ ಲಿನಕ್ಸಿನ ಭದ್ರತಾ ವ್ಯವಸ್ಥೆಗೆ, ನನ್ನ ಅಂಕ ಐದಕ್ಕೆ ನಾಲ್ಕು. ಎರಡು ವರ್ಷದ ಹಿಂದೆ ಕೇಳಿದ್ದರೆ ಸೊನ್ನೆ ಕೊಡುತ್ತಿದ್ದೆ, ಜೊತೆಗೆ ನಾಲ್ಕು ಬೈಗುಳವನ್ನೂ ಸೇರಿಸುತ್ತಿದ್ದೆ.

ನಾನು ದಾವಣಗೆರೆಯಲ್ಲಿ ಸಣ್ಣ ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಪ್ರಿಂಟರ್ ಕೆಟ್ಟರೂ ನನಗೇ ಫೋನು, ಸರ್ವರ್ ಮಲಗಿದರೂ ನನಗೇ ಫೋನು. ಅದರಲ್ಲಿ ಒಂದು ಆಡಿಟರ್ ಆಫೀಸಿದೆ. ಅಲ್ಲಿನ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪಿಗೆ ಆಲ್ಮಾ ಲಿನಕ್ಸ್ 9 ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ ಸರ್ವರ್ ಮಾಡಿಟ್ಟಿದ್ದೇನೆ. ಅದಕ್ಕೆ ಎರಡು ಕೆಲಸ. ಒಂದು, ಟ್ಯಾಲಿ ಬ್ಯಾಕಪ್ ಬಂದು ಕೂರುವ ಸಾಂಬಾ ಫೋಲ್ಡರ್, ಅಂದರೆ ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಫೋಲ್ಡರ್. ಇನ್ನೊಂದು, ಆಫೀಸಿನ ವರ್ಡ್‌ಪ್ರೆಸ್ ಸೈಟು, ಪಾರ್ಟಿಯವರು, ಅಂದರೆ ಆಫೀಸಿನ ಗಿರಾಕಿಗಳು, ತಮ್ಮ ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಹಾಕುವ ಪುಟ ಅದರಲ್ಲೇ ಇದೆ. ಎರಡನ್ನೂ ಒಂದೇ ಮಿಷನ್ನಿನಲ್ಲಿ ಇಡಬಾರದು ಅಂತ ನನಗೂ ಗೊತ್ತು. ಎರಡನೇ ಮಿಷನ್ನಿಗೆ ದುಡ್ಡು ಕೊಡುವವರು ಯಾರು?

ಆಲ್ಮಾ, ರಾಕಿ, ಫೆಡೋರಾ, ರೆಡ್ ಹ್ಯಾಟ್, ಇವುಗಳಲ್ಲಿ ಯಾವುದನ್ನೇ ಹಾಕಿದರೂ ಎಸ್‌ಇಲಿನಕ್ಸ್ ಜೊತೆಗೇ ಬರುತ್ತದೆ, ಆನ್ ಆಗಿಯೇ ಬರುತ್ತದೆ. ಕೇಳಿ ತಂದುಕೊಂಡಿದ್ದಲ್ಲ. ಮನೆ ಬಾಡಿಗೆಗೆ ಹಿಡಿದಾಗ ಜೊತೆಗೇ ಬರುವ ವಾಚ್‌ಮ್ಯಾನ್ ಇದ್ದ ಹಾಗೆ.

ನಮ್ಮ ಪರಿಚಯ ಆಗಿದ್ದು ಒಂದು 19ನೇ ತಾರೀಕಿನ ಸಂಜೆ. ಜಿಎಸ್‌ಟಿ ಕೆಲಸ ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು, ತಿಂಗಳ 3ಬಿ ರಿಟರ್ನ್ ಹಾಕಲು 20 ಕೊನೇ ದಿನ, ಆಡಿಟರ್ ಆಫೀಸಿನಲ್ಲಿ 19ರ ಸಂಜೆ ಯಾರೂ ಯಾರ ಮುಖವನ್ನೂ ನೋಡಲ್ಲ. ಪಾರ್ಟಿಯವರಿಗೆ ಒಂದು ಹೊಸ ಪುಟ ಬೇಕು ಅಂದರು. ಮಾಡಿದೆ, ನನ್ನ ಹೋಮ್ ಫೋಲ್ಡರಿಗೆ ಕಳಿಸಿಕೊಂಡೆ, ಅಲ್ಲಿಂದ ವೆಬ್ ಫೋಲ್ಡರಿಗೆ ಎಂವಿ ಕಮಾಂಡ್ ಕೊಟ್ಟು ಸಾಗಿಸಿದೆ. ಬ್ರೌಸರಿನಲ್ಲಿ ತೆಗೆದರೆ 403, ಫರ್ಬಿಡನ್, ಅಂದರೆ ಒಳಗೆ ಬಿಡಲ್ಲ. ಸರಿ, ಪರ್ಮಿಷನ್ ತಪ್ಪಿರಬೇಕು ಅಂತ 644 ಮಾಡಿದೆ, ಅಂದರೆ ಎಲ್ಲರೂ ಓದಬಹುದು. ಆಗಲಿಲ್ಲ. ಓನರ್ ಬದಲಾಯಿಸಿದೆ. ಆಗಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು 777 ಕೊಟ್ಟೆ, ಅಂದರೆ ಊರಿಗೆಲ್ಲ ಬಾಗಿಲು ತೆರೆದಿಟ್ಟೆ. ಆದರೂ 403. ಹಿಂದೆ ನಿಂತಿದ್ದ ಹಿರಿಯ ಗುಮಾಸ್ತರು, "ಏನ್ರೀ ಇದು, ನೀವು ಬಂದು ಮುಟ್ಟಿದ ಮೇಲೇ ಹಾಳಾಯ್ತಲ್ರೀ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಜಾಸ್ತಿ ಉರಿಯಿತು.

ನೆಟ್‌ನಲ್ಲಿ ಹುಡುಕಿದರೆ ಎಲ್ಲರದೂ ಒಂದೇ ಮಂತ್ರ, ಎಸ್‌ಇಲಿನಕ್ಸ್ ತಡೆಯುವುದನ್ನು ನಿಲ್ಲಿಸುವ ಕಮಾಂಡು: ಸೆಟ್‌ಎನ್‌ಫೋರ್ಸ್ 0. ಹೊಡೆದೆ. ಒಂದೇ ಸೆಕೆಂಡಿಗೆ ಪುಟ ತೆರೆಯಿತು. ನಾನು ದೊಡ್ಡ ಮನುಷ್ಯನ ಹಾಗೆ ಟೀ ಕುಡಿದು ಮನೆಗೆ ಹೋದೆ.

ಮೂರು ವಾರ ಆದ ಮೇಲೆ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು, ಸರ್ವರ್ ರೀಬೂಟ್ ಆಯಿತು, ಪುಟ ಮತ್ತೆ 403. ಯಾಕೆಂದರೆ ಆ ಕಮಾಂಡಿನ ಆಯಸ್ಸು ಮುಂದಿನ ರೀಬೂಟಿನವರೆಗೆ ಅಷ್ಟೇ. ಎದ್ದ ಕೂಡಲೇ ವಾಚ್‌ಮ್ಯಾನ್ ಮತ್ತೆ ಡ್ಯೂಟಿಗೆ ಹಾಜರು. ಆ ದಿನ ಮಾತ್ರ ಇದನ್ನು ಪೂರ್ತಿ ಅರ್ಥ ಮಾಡಿಕೊಂಡೇ ಏಳುವುದು ಅಂತ ಕೂತೆ.

ಅರ್ಥ ಆಗಿದ್ದು ನಮ್ಮಜ್ಜಿ ಮನೆಯ ಪಾತ್ರೆಗಳ ಲೆಕ್ಕದಲ್ಲಿ. ಪಾತ್ರೆ ಅಂಗಡಿಯಲ್ಲಿ ಕೊಂಡ ತಕ್ಷಣ ಅಲ್ಲೇ ಕೂತು ಹೆಸರು ಹೊಡೆಸುತ್ತಿದ್ದರಲ್ವಾ, ಹಾಗೆ ಎಸ್‌ಇಲಿನಕ್ಸ್ ಪ್ರತಿ ಫೈಲಿಗೂ ಒಂದು ಹೆಸರು ಹೊಡೆದಿಟ್ಟಿರುತ್ತದೆ. ಓಡುವ ಪ್ರತಿ ಪ್ರೋಗ್ರಾಮಿಗೂ ಒಂದು ಹೆಸರಿದೆ. ಯಾವ ಹೆಸರಿನ ಪ್ರೋಗ್ರಾಂ ಯಾವ ಹೆಸರಿನ ಫೈಲನ್ನು ಏನು ಮಾಡಬಹುದು ಅಂತ ಒಂದು ದೊಡ್ಡ ಪಟ್ಟಿ ಇದೆ, ಅದಕ್ಕೆ ಪಾಲಿಸಿ ಅನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲ ಅಂದರೆ ಇಲ್ಲ, ಮುಗೀತು. ವೆಬ್ ಸರ್ವರಿನ ಹೆಸರು ಎಚ್‌ಟಿಟಿಪಿಡಿ_ಟಿ. ಅದು ಓದಬಹುದಾದ ಸೈಟ್ ಫೈಲುಗಳ ಮೇಲೆ ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ ಅಂತ ಇರಬೇಕು. ನನ್ನ ಪುಟದ ಮೇಲೆ ಇದ್ದದ್ದು ಯೂಸರ್_ಹೋಮ್_ಟಿ.

ಎಂವಿ ಅಂದರೆ ಅಜ್ಜಿ ಮನೆಯ ಪಾತ್ರೆಯನ್ನು ಎತ್ತಿ ಚಿಕ್ಕಮ್ಮನ ಮನೆಗೆ ಒಯ್ದಿಟ್ಟ ಹಾಗೆ. ಎಲ್ಲಿಟ್ಟರೂ ಮೇಲೆ ಅಜ್ಜಿ ಹೆಸರೇ. ಅದರ ಬದಲು ಸಿಪಿ, ಅಂದರೆ ಕಾಪಿ, ಮಾಡಿದ್ದರೆ ಚಿಕ್ಕಮ್ಮನ ಮನೆಯಲ್ಲೇ ಹೊಸ ಪಾತ್ರೆ ಹುಟ್ಟುತ್ತಿತ್ತು, ಆ ಫೋಲ್ಡರಿನ ಹೆಸರೇ ಬೀಳುತ್ತಿತ್ತು, ಈ ಗೋಳು ಇರುತ್ತಲೇ ಇರಲಿಲ್ಲ. ಎಲ್‌ಎಸ್ ಕಮಾಂಡಿಗೆ ದೊಡ್ಡ ಝಡ್ ಸೇರಿಸಿ ನೋಡಿದರೆ ಹೆಸರು ಕಣ್ಣಿಗೆ ಕಾಣುತ್ತದೆ. ರಿಸ್ಟೋರ್‌ಕಾನ್ ಅಂತ ಒಂದು ಕಮಾಂಡ್ ಕೊಟ್ಟರೆ ಆ ಜಾಗಕ್ಕೆ ಸರಿಯಾದ ಹೆಸರು ವಾಪಸ್ ಬರುತ್ತದೆ. ಅಷ್ಟೇ ಆಗಬೇಕಿದ್ದದ್ದು. ಹತ್ತು ಸೆಕೆಂಡಿನ ಕೆಲಸಕ್ಕೆ ನಾನು ವಾಚ್‌ಮ್ಯಾನನ್ನೇ ಮನೆಗೆ ಕಳಿಸಿದ್ದೆ.

777 ಕೊಟ್ಟರೂ ಯಾಕೆ ಆಗಲಿಲ್ಲ ಅನ್ನುವುದೇ ಈ ಸಾಮಾನಿನ ಜೀವಾಳ. ನಮಗೆ ರೂಢಿಯಾದ ಪರ್ಮಿಷನ್ ಪದ್ಧತಿಯಲ್ಲಿ ಫೈಲಿನ ಯಜಮಾನನೇ ದೊರೆ. ಅವನು ಯಾರಿಗೆ ಬೇಕಾದರೂ ಬೀಗದಕೈ ಕೊಡಬಹುದು. ಇದಕ್ಕೆ ಡ್ಯಾಕ್ (ಡಿಸ್ಕ್ರಿಷನರಿ ಆಕ್ಸೆಸ್ ಕಂಟ್ರೋಲ್) ಅನ್ನುತ್ತಾರೆ. ಎಸ್‌ಇಲಿನಕ್ಸ್‌ದು ಮ್ಯಾಕ್ (ಮ್ಯಾಂಡೇಟರಿ ಆಕ್ಸೆಸ್ ಕಂಟ್ರೋಲ್) ಪದ್ಧತಿ, ಯಜಮಾನನೂ ಮೀರಲಾಗದ ನಿಯಮ. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ಚಿನ್ನ ನಿಮ್ಮದೇ, ಕೀ ನಿಮ್ಮ ಸೊಂಟದಲ್ಲೇ ಇದೆ, ಆದರೂ ಭಾನುವಾರ ಹೋಗಿ ತೆಗೀತೀನಿ ಅಂದರೆ ಆಗಲ್ಲ. ಬ್ಯಾಂಕಿನ ನಿಯಮ ನಿಮ್ಮ ಯಜಮಾನಿಕೆಗಿಂತ ಮೇಲೆ. ಲಿನಕ್ಸ್ ಮೊದಲು ಡ್ಯಾಕ್ ನೋಡುತ್ತದೆ, ಅಲ್ಲಿ ಪಾಸಾದವರನ್ನು ಮಾತ್ರ ಎಸ್‌ಇಲಿನಕ್ಸ್ ಹತ್ತಿರ ಕಳಿಸುತ್ತದೆ. ಎರಡೂ ಹೂಂ ಅಂದರೆ ಮಾತ್ರ ಒಳಗೆ. ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಖಾತೆಯಲ್ಲಿ, ಓಡುವ ಸರ್ವಿಸ್‌ಗೂ ಇದೇ ಗತಿ, ಡ್ಯಾಕ್‌ನಲ್ಲಿ ರೂಟ್‌ಗೆ ಯಾರೂ ಅಡ್ಡ ಇಲ್ಲ, ಇಲ್ಲಿ ಇದ್ದಾರೆ.

ಇದೆಲ್ಲ ಚೆಂದವೇ, ಕೆಲಸಕ್ಕೆ ಬಂತಾ? ಬಂತು. ಅದು ಬಂದ ರೀತಿಯಲ್ಲಿ ಅದರದ್ದೇ ಒಂದು ತಪ್ಪೂ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವರ್ಡ್‌ಪ್ರೆಸ್ ಸೈಟಿನಲ್ಲಿ ಒಂದು ಫಾರಂ ಪ್ಲಗಿನ್, ಅಂದರೆ ಸೈಟಿಗೆ ಸೇರಿಸಿದ ಸಣ್ಣ ಪ್ರೋಗ್ರಾಂ, ಅಪ್‌ಡೇಟ್ ಆಗದೆ ಹಳೆಯದಾಗಿ ಕೂತಿತ್ತು. ಒಂದು ದಿನ ಯಾರೋ ಅದರ ತೂತಿನಿಂದ ಅಪ್‌ಲೋಡ್ ಫೋಲ್ಡರಿಗೆ ಒಂದು ಪಿಎಚ್‌ಪಿ ಫೈಲ್ ತಳ್ಳಿ ಓಡಿಸಿದರು. ಗೊತ್ತಾಗಿದ್ದು ಹೇಗೆ ಅಂದರೆ, ಎಸ್‌ಇಲಿನಕ್ಸ್ ತಡೆದದ್ದು ದಾಖಲಾಗುವ ಆಡಿಟ್ ಲಾಗ್ ಒಂದೇ ರಾತ್ರಿಗೆ ಉಬ್ಬಿ ಹೋಗಿತ್ತು. (ಆಡಿಟರ್ ಆಫೀಸಿನ ಸರ್ವರಿನಲ್ಲಿ ಆಡಿಟ್ ಲಾಗನ್ನು ಮಾತ್ರ ಅಲ್ಲಿಯವರೆಗೆ ಯಾರೂ ತೆರೆದು ನೋಡಿರಲಿಲ್ಲ.) ಒಳಗೆ ಸಾಲು ಸಾಲಾಗಿ ಡಿನೈಡ್, ಡಿನೈಡ್, ಡಿನೈಡ್. ಆ ಫೈಲು ಮೊದಲು 25ನೇ ಪೋರ್ಟಿಗೆ ಹೊರಟಿದೆ, ಅಂದರೆ ನಮ್ಮ ಸರ್ವರಿನಿಂದ ಕಸದ ಮೇಲ್ ಕಳಿಸುವ ಪ್ಲಾನು. ವೆಬ್ ಸರ್ವರಿಗೆ ಹೊರಗೆ ಕನೆಕ್ಟ್ ಆಗುವ ಅನುಮತಿ ಎಸ್‌ಇಲಿನಕ್ಸ್‌ನಲ್ಲಿ ಮೊದಲಿಂದಲೂ ಇರುವುದಿಲ್ಲ, ಆದ್ದರಿಂದ ಅಲ್ಲೇ ತಡೆ. ಆಮೇಲೆ ಆ ಫೈಲು ಡಿಸ್ಕಿನಲ್ಲಿ ಅಲ್ಲಿ ಇಲ್ಲಿ ತಡಕಾಡಿತ್ತು. ಟ್ಯಾಲಿ ಬ್ಯಾಕಪ್ ಫೋಲ್ಡರಿಗೂ ಕೈ ಹಾಕಿತ್ತು.

ಇಲ್ಲಿ ನನ್ನ ಎದೆ ಒಂದು ಸಲ ಧಸಕ್ ಅಂತು. ಆ ಫೋಲ್ಡರಿನ ಪರ್ಮಿಷನ್ 777 ಇತ್ತು. ಕೊಟ್ಟವನು ನಾನೇ, ಯಾವತ್ತೋ ಅವಸರದಲ್ಲಿ. ಡ್ಯಾಕ್ ಲೆಕ್ಕದಲ್ಲಿ ಬಾಗಿಲು ಹಾರು ಹೊಡೆದಿತ್ತು, ಎಲ್ಲ ಪಾರ್ಟಿಗಳ ಲೆಕ್ಕಪತ್ರವೂ ಅಲ್ಲೇ ಇತ್ತು. ಉಳಿಸಿದ್ದು ಆ ಫೋಲ್ಡರಿನ ಮೇಲಿದ್ದ ಸಾಂಬಾ_ಶೇರ್_ಟಿ ಅನ್ನುವ ಹೆಸರು. ಎಚ್‌ಟಿಟಿಪಿಡಿ_ಟಿ ಸಾಂಬಾ_ಶೇರ್_ಟಿಯನ್ನು ಮುಟ್ಟುವ ಹಾಗಿಲ್ಲ, ಪಟ್ಟಿಯಲ್ಲಿ ಇಲ್ಲ. ಮೂರು ವಾರ ಅದನ್ನು ಸೆಟ್‌ಎನ್‌ಫೋರ್ಸ್ 0 ಮಾಡಿ ಮಲಗಿಸಿಟ್ಟಿದ್ದೆನಲ್ಲ, ಆ ಮೂರು ವಾರದಲ್ಲಿ ಇದು ಆಗಿದ್ದರೆ ಈ ಬರಹ ಬರೆಯಲು ನಾನು ದಾವಣಗೆರೆಯಲ್ಲಿ ಇರುತ್ತಿರಲಿಲ್ಲ.

ಎಲ್ಲವನ್ನೂ ಉಳಿಸಿತು ಅಂತ ಮಾತ್ರ ತಿಳಿಯಬೇಡಿ. ಆ ಕಳ್ಳ ಫೈಲು ಒಳಗೆ ಬಂದು ಬೀಳುವುದನ್ನು ಎಸ್‌ಇಲಿನಕ್ಸ್ ತಡೆಯಲಿಲ್ಲ, ಯಾಕೆಂದರೆ ಅಪ್‌ಲೋಡ್ ಫೋಲ್ಡರಿನಲ್ಲಿ ಬರೆಯುವುದು ವೆಬ್ ಸರ್ವರಿನ ದಿನನಿತ್ಯದ ಕೆಲಸ. ವರ್ಡ್‌ಪ್ರೆಸ್ಸಿನ ಕಾನ್ಫಿಗ್ ಫೈಲ್ ಓದಿ ಡೇಟಾಬೇಸ್ ಪಾಸ್‌ವರ್ಡ್ ತೆಗೆಯುವುದನ್ನೂ ತಡೆಯಲಾರದು, ಅದೂ ವೆಬ್ ಸರ್ವರ್ ಓದಲೇಬೇಕಾದ ಫೈಲು. ಹೂವು ಮಾರುವವನ ವೇಷದಲ್ಲಿ ಬಂದ ಕಳ್ಳ ಹೂವಿನ ಬುಟ್ಟಿಗೆ ಕೈ ಹಾಕಿದರೆ ವಾಚ್‌ಮ್ಯಾನ್ ಏನು ಹೇಳುತ್ತಾನೆ? ಬೀರುವಿಗೆ ಕೈ ಹಾಕಿದರೆ ಹಿಡಿಯುತ್ತಾನೆ. ಸೈಟಿನ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ ಸೈಟನ್ನು ಹೊಸದಾಗಿ ಹಾಕಿದೆ, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಈಗ ಅದರ ತಪ್ಪು. ಆ ಪ್ಲಗಿನ್ ಹಳೆಯದಾಗಿ ಯಾಕೆ ಕೂತಿತ್ತು ಗೊತ್ತಾ? ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡಿನಲ್ಲಿ ಅಪ್‌ಡೇಟ್ ಒತ್ತಿದರೆ ಅದು ಹೊರಗಿನ ಸರ್ವರಿಗೆ ಹೋಗಿ ತರಬೇಕು. ಹೊರಗೆ ಹೋಗುವುದನ್ನೇ ಎಸ್‌ಇಲಿನಕ್ಸ್ ತಡೆದಿತ್ತು. ಕಳ್ಳನನ್ನು ತಡೆದ ಅದೇ ನಿಯಮ ಔಷಧಿಯನ್ನೂ ಒಳಗೆ ಬಿಟ್ಟಿರಲಿಲ್ಲ! ವರ್ಡ್‌ಪ್ರೆಸ್ ಕೊಡುವ ಎರರ್ ನೋಡಿದರೆ ನೆಟ್ ಸರಿ ಇಲ್ಲ ಅನ್ನಿಸುತ್ತದೆ, ಹಾಗಾಗಿ ನಾನೂ ನೆಟ್ ಮೇಲೆ ಗೂಬೆ ಕೂರಿಸಿ ಸುಮ್ಮನಾಗಿದ್ದೆ. ಇದಕ್ಕೆ ಎಲ್ಲರೂ ಹೇಳುವ ದಾರಿ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಅನ್ನುವ ಸ್ವಿಚ್ಚನ್ನು ಆನ್ ಮಾಡುವುದು. ಬೂಲಿಯನ್ ಅಂತ ಕರೆಯುತ್ತಾರೆ ಇಂಥ ಸ್ವಿಚ್ಚುಗಳನ್ನು, ನೂರಾರು ಇವೆ. ನಾನು ಆ ದಾರಿ ಹಿಡಿಯಲಿಲ್ಲ. ಅಪ್‌ಡೇಟನ್ನು ವೆಬ್ ಸರ್ವರ್ ಕೈಯಿಂದ ಮಾಡಿಸುವ ಬದಲು ಡಬ್ಲ್ಯೂಪಿ-ಸಿಎಲ್‌ಐ ಬಳಸಿ ಕಮಾಂಡ್ ಲೈನಿನಿಂದ, ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್‌ನಲ್ಲಿ, ರಾತ್ರಿ ಓಡಿಸುತ್ತೇನೆ. ಆ ಸ್ವಿಚ್ಚು ಆನ್ ಇದ್ದಿದ್ದರೆ 25ನೇ ಪೋರ್ಟಿನ ಕಥೆ ಬೇರೆಯೇ ಆಗುತ್ತಿತ್ತು.

ಡೇಟಾಬೇಸ್ ಬೇರೆ ಮಿಷನ್ನಿನಲ್ಲಿದ್ದರೆ ಅದಕ್ಕೇ ಬೇರೆ ಸಣ್ಣ ಸ್ವಿಚ್ಚಿದೆ, ಮೇಲ್ ಕಳಿಸಲು ಬೇರೆ ಸ್ವಿಚ್ಚಿದೆ. ಸಣ್ಣದು ಇದ್ದಾಗ ದೊಡ್ಡದನ್ನು ಮುಟ್ಟಬೇಡಿ. ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಪೋರ್ಟನ್ನು 2222ಕ್ಕೆ ಬದಲಾಯಿಸಿ ಸರ್ವಿಸ್ ಏಳದೆ ತಲೆ ಕೆಡಿಸಿಕೊಂಡವರಿಗೂ ಇದೇ ಉತ್ತರ, ಪೋರ್ಟುಗಳಿಗೂ ಹೆಸರಿದೆ, ಸೆಮ್ಯಾನೇಜ್ ಕಮಾಂಡ್ ಕೊಟ್ಟು 2222ಕ್ಕೆ ಎಸ್‌ಎಸ್‌ಎಚ್ ಹೆಸರು ಹೊಡೆಸಬೇಕು. ಆ ಸೆಮ್ಯಾನೇಜ್ ಮೊದಲೇ ಇರುತ್ತದೆ ಅಂತಲೂ ಇಲ್ಲ, ಎಷ್ಟೋ ಸಲ ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್-ಯುಟಿಲ್ಸ್ ಅನ್ನುವ ಉದ್ದ ಹೆಸರಿನ ಪ್ಯಾಕೇಜ್ ಹಾಕಿಕೊಳ್ಳಬೇಕು. ಹೆಸರಿಡುವವರಿಗೆ ಕರುಣೆ ಬೇಡವಾ?

ಒಂದು ಅಂಕ ಕಟ್ ಮಾಡಿದ್ದು ಈ ಮಾತಿನ ವಿಷಯಕ್ಕೇ. ಬಳಸುವವನಿಗೆ ಸಿಗುವುದು ಬರೀ 403 ಅಥವಾ ಪರ್ಮಿಷನ್ ಡಿನೈಡ್. ತಡೆದವರು ಯಾರು, ಡ್ಯಾಕೋ ಮ್ಯಾಕೋ, ಒಂದು ಸುಳಿವೂ ಇಲ್ಲ. ನಿಜವಾದ ಕಾರಣ ಆಡಿಟ್ ಲಾಗಿನಲ್ಲಿ ಇದೆ, ಆದರೆ ಅಲ್ಲಿ ಟೈಮ್ ಕೂಡ 1970ರಿಂದ ಎಷ್ಟು ಸೆಕೆಂಡ್ ಆಯಿತು ಅನ್ನುವ ಲೆಕ್ಕದಲ್ಲಿ ಇರುತ್ತದೆ. ಎಯುಸರ್ಚ್ ಕಮಾಂಡಿಗೆ ಸಣ್ಣ ಐ ಸೇರಿಸಿದರೆ ಮನುಷ್ಯರು ಓದುವ ಹಾಗೆ ಬರುತ್ತದೆ. ಆ ಸಾಲಿನಲ್ಲಿ ನೋಡಬೇಕಾದ್ದು ಮೂರೇ: ಬ್ರೇಸ್ ಒಳಗೆ ಏನು ಮಾಡಹೊರಟಿತ್ತು ಅಂತ ಇರುತ್ತದೆ, ಎಸ್‌ಕಾಂಟೆಕ್ಸ್ಟ್‌ನಲ್ಲಿ ಯಾರು, ಟಿಕಾಂಟೆಕ್ಸ್ಟ್‌ನಲ್ಲಿ ಯಾವುದನ್ನು. ಉಳಿದದ್ದನ್ನು ಸದ್ಯಕ್ಕೆ ಮರೆತುಬಿಡಿ. ಇನ್ನೂ ಒಂದು ಕಿರಿಕಿರಿ ಏನೆಂದರೆ, ಕೆಲವು ತಡೆಗಳನ್ನು ಲಾಗಿನಲ್ಲೂ ಬರೆಯಬೇಡ ಅಂತ ಪಾಲಿಸಿಯಲ್ಲೇ ಹೇಳಿರುತ್ತಾರೆ. ಸುಮ್ನೆ ಲಾಗ್ ತುಂಬದಿರಲಿ ಅಂತ. ಆಗ ಕೆಲಸವೂ ಆಗಲ್ಲ, ಲಾಗಿನಲ್ಲಿ ಗುರುತೂ ಇರಲ್ಲ, ನಾವು ದೆವ್ವ ಹಿಡಿದವರ ಹಾಗೆ ಕೂತಿರುತ್ತೇವೆ. ಸೆಮಾಡ್ಯೂಲ್‌ಗೆ ದೊಡ್ಡ ಡಿಬಿ ಕೊಟ್ಟರೆ ಆ ಮೌನ ಮುರಿಯುತ್ತದೆ. ಇದನ್ನು ಕಂಡುಕೊಳ್ಳಲು ನನಗೆ ಒಂದು ರಾತ್ರಿ ಬೇಕಾಯಿತು.

ಆಡಿಟ್2ಅಲೋ ಅಂತ ಒಂದು ಟೂಲ್ ಇದೆ, ಅದರ ಬಗ್ಗೆ ಎಚ್ಚರ. ಲಾಗಿನಲ್ಲಿ ಏನೇನು ತಡೆದಿದೆಯೋ ಅದಕ್ಕೆಲ್ಲ ಅನುಮತಿ ಬರೆದುಕೊಡುತ್ತದೆ. ಕೇಳಲು ಸುಲಭ. ಕಳ್ಳ ಬಂದುಹೋದ ಮರುದಿನ ನಾನು ಆ ಲಾಗನ್ನು ಹಾಗೇ ಇದರ ಬಾಯಿಗೆ ಕೊಟ್ಟಿದ್ದರೆ, ಟ್ಯಾಲಿ ಬ್ಯಾಕಪ್ ಓದಲು ವೆಬ್ ಸರ್ವರಿಗೆ ನಾನೇ ಸಹಿ ಹಾಕಿ ಪಾಸ್ ಕೊಟ್ಟ ಹಾಗೆ ಆಗುತ್ತಿತ್ತು. ಬರೆದುಕೊಟ್ಟಿದ್ದನ್ನು ಓದಿ ನೋಡಿ, ಆಮೇಲೆ ಹಾಕಿ.

"ಇದನ್ನು ಮಾಡಿದ್ದು ಅಮೆರಿಕದ ಗೂಢಚಾರರಂತೆ, ಒಳಗೆ ಏನಾದರೂ ಇಟ್ಟಿದ್ದರೆ?" ಅಂತ ನನ್ನ ತಮ್ಮ ಕೇಳಿದ. ಮಾಡಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಅನ್ನುವುದು ನಿಜ. 2000ದ ಡಿಸೆಂಬರಿನಲ್ಲಿ ಕೋಡ್ ಸಮೇತ ಹೊರಗೆ ಬಿಟ್ಟರು. 2001ರಲ್ಲಿ ಲಿನಕ್ಸ್ ಕರ್ನೆಲ್, ಅಂದರೆ ಅದರ ತಿರುಳು, ಬರೆಯುವವರ ಸಭೆಯಲ್ಲಿ ತೋರಿಸಿದಾಗ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಇದೊಂದನ್ನೇ ನೇರವಾಗಿ ಸೇರಿಸಲು ಒಪ್ಪಲಿಲ್ಲ, ಯಾವ ಭದ್ರತಾ ಪದ್ಧತಿ ಬೇಕಾದರೂ ಕೂರುವಂಥ ಒಂದು ಸಾಮಾನ್ಯ ಚೌಕಟ್ಟು ಮಾಡಿ ಅಂದರು. ಅದೇ ಎಲ್‌ಎಸ್‌ಎಂ. ಅದರೊಳಗೆ ಕೂತು ಎಸ್‌ಇಲಿನಕ್ಸ್ 2003ರ 2.6 ಕರ್ನೆಲ್ಲಿಗೆ ಬಂತು. ಅವತ್ತಿಂದ ಈವತ್ತಿನವರೆಗೆ ಕೋಡ್ ಎಲ್ಲರ ಕಣ್ಣೆದುರಿಗೆ ಬಿದ್ದಿದೆ, ರೆಡ್ ಹ್ಯಾಟ್‌ನವರು, ಗೂಗಲ್‌ನವರು ಎಲ್ಲ ಅದರಲ್ಲಿ ಕೈಯಾಡಿಸಿದ್ದಾರೆ. ಸರ್ಕಾರ ಕಟ್ಟಿಸಿದ ಸೇತುವೆ ಅಂತ ನದಿ ಈಜಿ ದಾಟುತ್ತೇವಾ? ತಮ್ಮನಿಗೆ ಇನ್ನೊಂದು ಮಾತೂ ಹೇಳಿದೆ: ನಿನ್ನ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿ ಇರುವುದೂ ಇದೇ. 2013ರ 4.3ರಲ್ಲಿ ಬರೀ ನೋಡಿ ಬರೆದುಕೊಳ್ಳುವ ಸ್ಥಿತಿಯಲ್ಲಿ ಬಂತು, 2014ರ 5.0ರಲ್ಲಿ ಪೂರ್ತಿ ಜಾರಿಗೆ ಬಂತು. ಅಲ್ಲಿ ಯಾರಿಗೂ 403 ಕಾಣಿಸಲ್ಲ, ಯಾಕೆಂದರೆ ಪಾಲಿಸಿಯ ಕಷ್ಟವನ್ನೆಲ್ಲ ಫೋನ್ ಮಾಡುವವರೇ ಮೊದಲು ಅನುಭವಿಸಿರುತ್ತಾರೆ.

ಎಲ್‌ಎಸ್‌ಗೆ ದೊಡ್ಡ ಝಡ್ ಕೊಟ್ಟಾಗ ಕಾಣುವ ಪೂರ್ತಿ ಹೆಸರಿನ ಕೊನೆಯಲ್ಲಿ ಎಸ್0 ಅಂತ ಒಂದು ಬಾಲ ಇರುತ್ತದೆ, ನೋಡಿದವರೆಲ್ಲ ಏನಿದು ಅಂತ ಕೇಳುತ್ತಾರೆ. ಅದು ಗುಟ್ಟಿನ ಮಟ್ಟ ಹೇಳುವ, ಹಳೇ ಮನೆತನದ ಗುರುತು. 1973ರ ಸುಮಾರಿಗೆ ಅಮೆರಿಕದ ಮೈಟರ್ ಸಂಸ್ಥೆಯಲ್ಲಿ ಬೆಲ್ ಮತ್ತು ಲಪಾಡುಲಾ ಅನ್ನುವ ಇಬ್ಬರು ಅಲ್ಲಿನ ವಾಯುಪಡೆಗಾಗಿ ಒಂದು ನಿಯಮ ಮಾಡಿದರು: ನಿನಗಿಂತ ಮೇಲಿನ ಮಟ್ಟದ್ದನ್ನು ಓದಬೇಡ, ನಿನಗಿಂತ ಕೆಳಗಿನದ್ದರಲ್ಲಿ ಬರೆಯಬೇಡ. ಓದಬೇಡ ಅನ್ನುವುದು ಸರಿ, ಬರೆಯಬೇಡ ಯಾಕೆ? ಗುಟ್ಟಿನ ಫೈಲ್ ನೋಡಿದ ಆಡಿಟರ್ ಅದರಲ್ಲಿನ ಒಂದು ಸಾಲನ್ನು ಅಟೆಂಡರ್ ರಿಜಿಸ್ಟರಿನಲ್ಲಿ ಬರೆದರೆ ಗುಟ್ಟು ಹೋಯಿತಲ್ಲ, ಅದಕ್ಕೆ. ಆಮೇಲೆ ಬಂದ ಬಿಬಾ ಅನ್ನುವವರು ಇದನ್ನು ಪೂರ್ತಿ ತಲೆಕೆಳಗು ಮಾಡಿದರು. ಅವರಿಗೆ ಗುಟ್ಟಿಗಿಂತ ಶುದ್ಧತೆ ಮುಖ್ಯ: ಕೆಳಗಿನ ನಂಬದ ಮಾಹಿತಿ ಮೇಲಿನ ಲೆಡ್ಜರಿಗೆ ಸೇರಬಾರದು. ನಮ್ಮಂಥವರ ಸರ್ವರಿನಲ್ಲಿ ಓಡುವುದು ಟಾರ್ಗೆಟೆಡ್ ಪಾಲಿಸಿ, ಅದರಲ್ಲಿ ಈ ಮಟ್ಟಗಳ ಆಟ ಇಲ್ಲ, ಎಲ್ಲರೂ ಎಸ್0. ಆ ಬಾಲಕ್ಕೆ ಅಂಟಿಕೊಳ್ಳುವ ನಂಬರುಗಳು ಮುಖ್ಯವಾಗಿ ಕಂಟೈನರುಗಳನ್ನು, ಅಂದರೆ ಒಂದೇ ಮಿಷನ್ನಿನಲ್ಲಿ ಬೇರೆ ಬೇರೆ ಡಬ್ಬಿಗಳಲ್ಲಿ ಇದ್ದಂತೆ ಓಡುವ ಪ್ರೋಗ್ರಾಮುಗಳನ್ನು, ಮತ್ತು ವರ್ಚುವಲ್ ಮಿಷನ್ನುಗಳನ್ನು ಒಂದರಿಂದ ಒಂದು ದೂರ ಇಡಲು ಕೆಲಸಕ್ಕೆ ಬರುತ್ತವೆ.

ಟಾರ್ಗೆಟೆಡ್ ಅಂದರೆ ಇನ್ನೊಂದು ಗೊತ್ತಿರಲಿ. ಇದು ಕಟ್ಟಿಹಾಕುವುದು ಸರ್ವಿಸ್‌ಗಳನ್ನು. ಲಾಗಿನ್ ಆಗಿ ಕೂತ ಮನುಷ್ಯ ಸಾಮಾನ್ಯವಾಗಿ ಅನ್‌ಕನ್‌ಫೈನ್ಡ್, ಅಂದರೆ ಕಟ್ಟಿಲ್ಲದವನು, ಅವನ ಮೇಲೆ ಇದರ ಹಿಡಿತ ಹೆಚ್ಚೇನಿಲ್ಲ. ನಿಮ್ಮ ಎಸ್‌ಎಸ್‌ಎಚ್ ಪಾಸ್‌ವರ್ಡ್ ಊರ ಹೆಸರೇ ಆಗಿದ್ದರೆ ಎಸ್‌ಇಲಿನಕ್ಸ್ ಬಂದು ಕಾಪಾಡಲ್ಲ.

ಉಬುಂಟು ಲಿನಕ್ಸಿನಲ್ಲಿ ಇಂಥದ್ದೇ ಕಾವಲು ಕಾಯುವ ಆಪ್‌ಆರ್ಮರ್ ಜೊತೆ ಹೋಲಿಸಿ ಅಂತ ಕೇಳುತ್ತಾರೆ. ಅದನ್ನೂ ಎರಡು ಕಡೆ ಬಳಸುತ್ತಿದ್ದೇನೆ. ಅದು ಫೈಲಿಗೆ ಹೆಸರು ಹೊಡೆಯಲ್ಲ, ಫೈಲ್ ಇರುವ ದಾರಿ ನೋಡಿ ತೀರ್ಮಾನ ಮಾಡುತ್ತದೆ. ಓದಲು ಸುಲಭ, ಎಂವಿ ಮಾಡಿದರೆ ಈ ಗೋಳಿಲ್ಲ. ಆದರೆ ಅಲ್ಲಿ ಪ್ರೊಫೈಲ್ ಬರೆದಿರುವ ಪ್ರೋಗ್ರಾಮುಗಳಿಗೆ ಮಾತ್ರ ಕಾವಲು, ಎಷ್ಟೋ ಸರ್ವಿಸ್‌ಗಳಿಗೆ ಪ್ರೊಫೈಲೇ ಇರಲ್ಲ. ಕಲಿಯಲು ಅದು, ಕಾಯಲು ಇದು ಅಂತ ನನ್ನ ಲೆಕ್ಕ. ಓಪನ್‌ಸೂಸೆ ಟಂಬಲ್‌ವೀಡ್ ಅನ್ನುವ ಲಿನಕ್ಸ್ ಕೂಡ 2025ರಲ್ಲಿ ಹೊಸ ಇನ್‌ಸ್ಟಾಲ್‌ಗಳಿಗೆ ಆಪ್‌ಆರ್ಮರ್ ಬಿಟ್ಟು ಎಸ್‌ಇಲಿನಕ್ಸ್ ಕಡೆಗೆ ಬಂತು.

ಇಷ್ಟೆಲ್ಲ ಓದಿಯೂ ನಿಲ್ಲಿಸಲೇಬೇಕು ಅನ್ನುವ ಅವಸರ ಬಂದರೆ ಪರ್ಮಿಸಿವ್ ಮಾಡಿ, ಡಿಸೇಬಲ್ ಮಾಡಬೇಡಿ. ಪರ್ಮಿಸಿವ್‌ನಲ್ಲಿ ತಡೆಯಲ್ಲ, ಆದರೆ ಬರೆದುಕೊಳ್ಳುತ್ತದೆ, ಹೊಸ ಫೈಲುಗಳಿಗೆ ಹೆಸರೂ ಹೊಡೆಯುತ್ತಿರುತ್ತದೆ. ಡಿಸೇಬಲ್ ಮಾಡಿದರೆ ಆ ಕಾಲದಲ್ಲಿ ಹುಟ್ಟಿದ ಫೈಲುಗಳೆಲ್ಲ ಹೆಸರಿಲ್ಲದ ಪಾತ್ರೆಗಳು, ಮತ್ತೆ ಆನ್ ಮಾಡುವ ದಿನ ಇಡೀ ಡಿಸ್ಕಿಗೆ ಹೆಸರು ಹೊಡೆಸುತ್ತಾ ಕೂರಬೇಕು. ಪರ್ಮಿಸಿವ್ ಮಾಡುವುದಾದರೂ ಇಡೀ ಸರ್ವರಿಗೆ ಬೇಡ, ಸೆಮ್ಯಾನೇಜ್‌ನಲ್ಲಿ ಒಂದು ಸರ್ವಿಸ್‌ಗೆ ಮಾತ್ರ ಮಾಡಬಹುದು.

ಆ ಆಫೀಸಿನ ಸರ್ವರಿನಲ್ಲಿ ಈಗ ದಿನಾ ಬೆಳಗ್ಗೆ ಒಂಬತ್ತಕ್ಕೆ ಹಿಂದಿನ ದಿನದ ಡಿನೈಡ್ ಸಾಲುಗಳು ನನ್ನ ಟೆಲಿಗ್ರಾಂಗೆ ಬಂದು ಬೀಳುತ್ತವೆ. ಈ ವಾರ ಎರಡೇ ಬಂದಿವೆ. ಒಂದು ಯಾವುದೋ ಹೊರಗಿನ ಬಾಟ್‌ನ ಕಿತಾಪತಿ. ಇನ್ನೊಂದು ನಾನೇ, ಮತ್ತೆ ಹೋಮ್ ಫೋಲ್ಡರಿನಿಂದ ಎಂವಿ ಮಾಡಿದ್ದು.